ಮನೆಯ ತೂಕ, ಅಂಗಡಿಯ ತೂಕ

೧೪ ನವೆಂಬರ್, ಭಾನುವಾರ
ಮಧ್ಯಾಹ್ನ

ಮಗಳೇ,

ನೀನೂ ನಿನ್ನ ಗಂಡನೂ ಚೆನ್ನಾಗಿದ್ದೀರಿ ಎಂದುಕೊಂಡೇ ಬರೆಯಲು ಶುರುಮಾಡುತ್ತೇನೆ. ಮೂರು ವಾರದಲ್ಲಿ ನೀನು ಏಳು ಸಲ ಫೋನ್ ಮಾಡಿದೆ. ಏಳು ಸಲವೂ ನಾನು ಎತ್ತಲಿಲ್ಲ. ಲಾಂಡ್ರಿಯಲ್ಲಿ ಕೆಲಸ ಜಾಸ್ತಿ ಎಂದು ನಿಮ್ಮಪ್ಪ ನಿನಗೆ ಹೇಳಿದ್ದು ಸುಳ್ಳು. ಫೋನ್ ನನ್ನ ಕೈಯಲ್ಲೇ ಇತ್ತು. ನಿನ್ನ ಹೆಸರು ಬಂದು ಹೋಗುವುದನ್ನು ನೋಡುತ್ತಾ ಕೂತಿದ್ದೆ. ಕೂತಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ, ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಈಗ ಕೂರಲಾರೆ. ಈ ಕಾಗದವನ್ನೂ ಇಸ್ತ್ರಿ ಮೇಜಿನ ಮೇಲಿಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ನಡುನಡುವೆ ಹೋಗಿ ಮಲಗಿ ಬರುತ್ತೇನೆ. ಅಕ್ಷರ ಸೊಟ್ಟಗಾದಲ್ಲಿ ಹಾಗೆಂದು ತಿಳಿದುಕೋ.

ತಡವಾಯಿತು, ತಪ್ಪು ನನ್ನದು. ಈ ಮಾತನ್ನು ನಿನಗೆ ಹಿಂದೆ ಯಾವಾಗಲಾದರೂ ಹೇಳಿದ್ದೇನೋ ಇಲ್ಲವೋ ನೆನಪಿಲ್ಲ. ಫೋನಿನಲ್ಲಾದರೆ ಮೂರನೇ ಮಾತಿಗೆ ನನ್ನ ದನಿ ಏರುತ್ತದೆ, ನೀನು "ಸರಿ ಅಮ್ಮ, ಇಡ್ತೀನಿ" ಅನ್ನುತ್ತೀಯ. ಕಾಗದದಲ್ಲಿ ದನಿ ಏರಿದರೆ ಹರಿದು ಹಾಕಿ ಇನ್ನೊಂದು ಬರೆಯಬಹುದು. ಇದು ನಾಲ್ಕನೆಯದು.

ಸೊಂಟದ ವಿಷಯ ನಿನಗೆ ತುಂಡು ತುಂಡಾಗಿ ಗೊತ್ತು. ಮೊದಲಿಂದ ಹೇಳುತ್ತೇನೆ. ಎಷ್ಟೋ ವರ್ಷದಿಂದ ಇದ್ದ ನೋವೇ, ಯಾರಿಗೂ ಹೇಳಿರಲಿಲ್ಲ ಅಷ್ಟೆ. ಜುಲೈನಲ್ಲಿ ಒಂದು ಬೆಳಿಗ್ಗೆ ಹೋಟೆಲಿನವರ ಹಾಸುಬಟ್ಟೆಯ ಬುಟ್ಟಿ ಎತ್ತಲು ಬಗ್ಗಿದವಳು ಮತ್ತೆ ನೇರವಾಗಲಿಲ್ಲ. ನಿನ್ನ ತಮ್ಮನೂ ಸೊಸೆಯೂ ನನ್ನನ್ನು ಮಡಚಿದ ಕುರ್ಚಿಯ ಹಾಗೆ ಕಾರಿನೊಳಗೆ ತುಂಬಿಕೊಂಡು ಹೋದರು. ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಅಮ್ಮಾ, ಕೆಳಗಿನ ಮೂಳೆಗಳು ಸವೆದುಹೋಗಿವೆ. ಹೊಸದು ಎಲ್ಲೂ ಸಿಗಲ್ಲ. ಆದ್ರೆ ಅದರ ಮೇಲಿನ ಭಾರ ಇಳಿಸಬಹುದು. ಎಂಬತ್ತನಾಲ್ಕು ಕಿಲೋ ಇದ್ದೀರಿ. ನವೆಂಬರ್ ಮುಗಿಯೋದ್ರೊಳಗೆ ಹತ್ತು ಕಿಲೋ ಇಳಿಸಿ, ವ್ಯಾಯಾಮ ಮಾಡಿ, ನಡೀರಿ. ಇಲ್ಲಾಂದ್ರೆ ನಿಮ್ಮ ಇಸ್ತ್ರಿ ಮೇಜನ್ನ ಮರೆತುಬಿಡಿ" ಅಂದರು.

"ನಡೆದ್ರೆ ನೋಯುತ್ತೆ" ಎಂದೆ.

"ನೋವಾದಾಗ ನಿಲ್ಲಿ. ನಿಂತು ಮತ್ತೆ ನಡೀರಿ."

ನೋವಿದ್ದರೆ ನಡೆಯಲು ಆಗುವುದಿಲ್ಲ, ನಡೆಯದಿದ್ದರೆ ತೂಕ ಇಳಿಯುವುದಿಲ್ಲ, ತೂಕ ಇಳಿಯದಿದ್ದರೆ ನೋವು ಹೋಗುವುದಿಲ್ಲ. ಇದನ್ನು ಮನೆಗೆ ಬಂದು ನಿಮ್ಮಪ್ಪನಿಗೆ ಹೇಳಿದರೆ, "ನಮ್ಮ ಬಟ್ಟೆ ಒಗೆಯೋ ಮಿಷನ್ನೂ ಹಿಂಗೇ ಸುತ್ತೋದು ಕಣೇ, ಆದ್ರೆ ಅದು ಮುಕ್ಕಾಲು ಗಂಟೆಗೆ ನಿಲ್ಲುತ್ತೆ" ಎಂದರು. ಅವರ ತಮಾಷೆಗೆ ನಾನು ಯಾವತ್ತು ನಕ್ಕಿದ್ದೇನೆ?

ಇಸ್ತ್ರಿ ಮೇಜು ನನಗೆ ಏನು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೆಂಟು ವರ್ಷ ಅದರ ಮುಂದೆ ನಿಂತಿದ್ದೇನೆ. ನಿಂತು ಮಾತಾಡುವವಳ ಮಾತನ್ನು ಜನ ಕೇಳುತ್ತಾರೆ, ಮಲಗಿ ಮಾತಾಡುವವಳನ್ನು "ಪಾಪ" ಅನ್ನುತ್ತಾರೆ. ಹತ್ತೇ ಕಿಲೋ ತಾನೆ, ಮನಸ್ಸು ಮಾಡಿದರೆ ಏನು ಮಹಾ ಎಂದುಕೊಂಡೆ. ನೀನು ಸ್ಕೂಲಿನಲ್ಲಿದ್ದಾಗ ನಿನ್ನ ತೂಕವನ್ನು ಹನ್ನೊಂದು ಕಿಲೋ ಇಳಿಸಿದವಳು ನಾನು.

ವ್ಯಾಯಾಮ ಹೇಳಿಕೊಡಲು ಒಂದು ಹುಡುಗಿ ಬರುತ್ತಾಳೆ, ವಾರಕ್ಕೆ ಎರಡು ದಿನ. ಕಡ್ಡಿಯ ಹಾಗಿದ್ದಾಳೆ. ಮೊದಲನೇ ದಿನವೇ "ಅಜ್ಜಿ, ಬೆಕ್ಕಿನ ಥರ ಬೆನ್ನು ಮೇಲೆತ್ತಿ" ಅಂದಳು. "ಅಜ್ಜಿ ಅನ್ನಬೇಡ, ನಿನ್ನನ್ನ ನಾನು ಎತ್ತಿ ಆಡಿಸಿಲ್ಲ" ಎಂದೆ. "ಸರಿ ಮೇಡಂ, ಬೆನ್ನು ಎತ್ತಿ" ಅಂದಳು. ಎತ್ತಿದೆ. ಇಳಿಸಲು ಅವಳೂ ಸೊಸೆಯೂ ಸೇರಬೇಕಾಯಿತು. ಮಲಗಿದಲ್ಲಿಂದ ಏಳುವುದನ್ನೂ ಹೊಸದಾಗಿ ಕಲಿತೆ. ಮೊದಲು ಮಗ್ಗುಲಾಗಬೇಕು, ಕಾಲು ಕೆಳಗೆ ಬಿಡಬೇಕು, ಆಮೇಲೆ ಕೈಯೂರಿ ಏಳಬೇಕು. ಅರವತ್ತೆರಡು ವರ್ಷಕ್ಕೆ ಹಾಸಿಗೆಯಿಂದ ಏಳುವ ಪಾಠ! ಲಾಂಡ್ರಿಯ ಹಿಂದಿನ ಓಣಿಯಲ್ಲಿ ಗೋಡೆಯಿಂದ ಗೋಡೆಗೆ ಇಪ್ಪತ್ತೆರಡು ಹೆಜ್ಜೆ. ದಿನಕ್ಕೆ ಮೂವತ್ತು ಸಲ ಹೋಗಿ ಬರುತ್ತಿದ್ದೆ. ಎಡಗಾಲಿಗೆ ಬೆಂಕಿ ಇಟ್ಟ ಹಾಗೆ ಆಗುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದೆ. ಯಾರಾದರೂ ಬಂದರೆ ಗೋಡೆಯ ಸುಣ್ಣ ನೋಡುವವಳ ಹಾಗೆ ಮುಖ ಮಾಡುತ್ತಿದ್ದೆ. ಅರ್ಧ ತಟ್ಟೆ ಊಟ, ಸಕ್ಕರೆ ಇಲ್ಲದ ಚಹಾ, ರಾತ್ರಿಗೆ ಬೇಯಿಸಿದ ತರಕಾರಿ. ಹಸಿವು ಎಂದರೆ ಏನೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ, ಗೊತ್ತಿರಲಿಲ್ಲ. ಎದುರಿಗೆ ಅನ್ನವಿದ್ದೂ ಉಣ್ಣಬಾರದ ಹಸಿವು ಬೇರೆಯೇ.

ಪ್ರತಿ ಭಾನುವಾರ ಸ್ನಾನಕ್ಕೆ ಮೊದಲು ತೂಕ. ಆಗ ನಿನ್ನನ್ನು ವಾರವಾರ ನಿಲ್ಲಿಸುತ್ತಿದ್ದ ಅದೇ ಕೆಂಪು ಮಿಷನ್, ಬಚ್ಚಲ ಬಾಗಿಲ ಹತ್ತಿರ. ಸೊಸೆ ತಂದಿಡುತ್ತಾಳೆ, ನಾನು ಹತ್ತುತ್ತೇನೆ, ಕನ್ನಡಕ ಹಾಕಿಕೊಂಡು ನಾನೇ ನೋಡುತ್ತೇನೆ, ಕ್ಯಾಲೆಂಡರಿನಲ್ಲಿ ನಾನೇ ಬರೆಯುತ್ತೇನೆ. ಮೊದಲ ವಾರ ಕಾಲು ಕಿಲೋ ಇಳಿಯಿತು. ಎರಡನೇ ವಾರ ಅರ್ಧ ಕಿಲೋ ಏರಿತು. ಉಪ್ಪು ಜಾಸ್ತಿ ಹಾಕಿದ್ದೀಯ ಎಂದು ಸೊಸೆಗೆ ಬೈದು, ಎರಡು ದಿನ ಊಟ ಬಿಟ್ಟೆ. ಮೂರನೇ ದಿನ ಬಚ್ಚಲ ಬಾಗಿಲಲ್ಲಿ ತಲೆ ಸುತ್ತಿ ಬಿದ್ದೆ. ಇದನ್ನು ನಿನಗೆ ಯಾರೂ ಹೇಳಬಾರದು ಎಂದು ಕಟ್ಟಪ್ಪಣೆ ಮಾಡಿದ್ದೆ.

ಅದಾದ ಮೇಲೆ ನೋಡು, ಇಳಿಯತೊಡಗಿತು. ಒಂದು ವಾರವೂ ತಪ್ಪಲಿಲ್ಲ. ಎಂಬತ್ತೆರಡು, ಎಂಬತ್ತು, ಎಪ್ಪತ್ತೆಂಟು. ಅಕ್ಟೋಬರ್ ನಡುವಿಗೆ ಎಪ್ಪತ್ತೈದು! ಸೊಂಟ ಮಾತ್ರ ಹಾಗೇ ನೋಯುತ್ತಿತ್ತು. ಡಾಕ್ಟರಿಗೆ ಏನೂ ತಿಳಿಯುವುದಿಲ್ಲ ಎಂದುಕೊಂಡೆ. ರವಿಕೆಯೂ ಮೊದಲಿನಷ್ಟೇ ಬಿಗಿ. ಮೂವತ್ತೆಂಟು ವರ್ಷ ಊರಿನ ಬಟ್ಟೆ ಒಗೆದವಳು, ನನ್ನ ಐದೂ ರವಿಕೆಗಳು ಒಟ್ಟಿಗೆ ನೀರಿಗೆ ಕುಗ್ಗಿವೆ ಎಂದು ನಂಬಿದೆ.

ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ತಿರುಗಿದೆ. ದೊಡ್ಡ ಮನೆಯ ಟೀಚರಮ್ಮ ಇದ್ದಾರಲ್ಲ, ನನಗಿಂತ ಒಂದು ಕೈ ದಪ್ಪ. ಅವರು ಬಟ್ಟೆ ತಂದ ದಿನ "ನಿಮಗೆ ಹೇಗ್ರೀ ಸಾಧ್ಯವಾಯ್ತು? ನಾನು ನೀರು ಕುಡಿದ್ರೂ ದಪ್ಪ ಆಗ್ತೀನಿ" ಎಂದರು. "ಎಲ್ಲ ಮನಸ್ಸಿನಲ್ಲಿದೆ ಟೀಚರಮ್ಮ. ಬಾಯಿಗೆ ಬೀಗ ಹಾಕಬೇಕು, ಅಷ್ಟೆ" ಎಂದು, ಅವರ ಬಟ್ಟೆ ತೂಗಿ ಇಳಿಸಿ, ಅಂಗಡಿಯ ಅದೇ ತೂಕದ ಮಿಷನ್ ಮೇಲೆ ಅವರ ಎದುರಿಗೇ ಹತ್ತಿ ನಿಂತೆ.

ಎಂಬತ್ತಮೂರು.

ಟೀಚರಮ್ಮ ಬಗ್ಗಿ ನೋಡಿದರು. ಇನ್ನೊಮ್ಮೆ ನೋಡಿದರು. "ಮಿಷನ್ ಕೆಟ್ಟಿದೆ ಅಂತ ಕಾಣುತ್ತೆ" ಎಂದುಬಿಟ್ಟೆ.

"ಹೌದಾ? ಹಾಗಾದ್ರೆ ಈಗ ತೂಗಿದ ನನ್ನ ಬಟ್ಟೆ?"

ನನ್ನ ಅಂಗಡಿಯ ತೂಕವನ್ನು ಇವತ್ತಿನವರೆಗೂ ಒಬ್ಬರೂ ಪ್ರಶ್ನಿಸಿದವರಿಲ್ಲ. ಗಿರಾಕಿಯ ಗಂಟು ಇಡುವ ಮೊದಲು ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಅವರಿಗೇ ತೋರಿಸುವವಳು ನಾನು. "ಇಲ್ಲ ಟೀಚರಮ್ಮ. ಮಿಷನ್ ಸರಿಯಾಗಿದೆ" ಎಂದು ಹೇಳಿ ಇಳಿದೆ. ಇಳಿಯುವಾಗ ಸೊಂಟ ಹಿಡಿದುಕೊಂಡಿತು. ಅವರೇ ನನ್ನ ತೋಳು ಹಿಡಿದು ಕೂರಿಸಿದರು. ಏನೂ ಅನ್ನಲಿಲ್ಲ ಪುಣ್ಯಾತ್ಗಿತ್ತಿ. ಅಂದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಬಚ್ಚಲ ಮಿಷನ್ನಿನ ಮುಳ್ಳು ನೋಡಿದೆ. ಯಾರೂ ಹತ್ತದೆ ಇರುವಾಗಲೇ ಸೊನ್ನೆಯಿಂದ ಎಂಟು ಗೆರೆ ಹಿಂದೆ ನಿಂತಿತ್ತು. ಹತ್ತುವ ಮೊದಲು ಮುಳ್ಳು ಎಲ್ಲಿದೆ ಎಂದು ನಾನು ಒಂದು ಭಾನುವಾರವೂ ನೋಡಿರಲಿಲ್ಲ. ನಿಂತ ಮೇಲೆ ನನ್ನ ಅಂಕಿ ಮಾತ್ರ ನೋಡಿದೆ.

ಸೊಸೆಯನ್ನು ಕರೆದೆ. ಅವಳು ಬರುವಾಗಲೇ ಅಳುತ್ತಿದ್ದಳು.

"ನಿಮಗೆ ಹೆದರಿ ಮಾಡಿದೆ ಅತ್ತೆ. ಏರಿದ್ರೆ ಊಟ ಬಿಡ್ತೀರಿ, ಬೀಳ್ತೀರಿ. ಏನ್ ಮಾಡ್ಲಿ? ಅಕ್ಕನಿಗೆ ಫೋನ್ ಮಾಡಿದೆ. ಅವರೇ ಹೇಳಿಕೊಟ್ರು."

"ಯಾವ ಅಕ್ಕ?"

"ನಿಮ್ಮ ಮಗಳು. ಮಿಷನ್ ಹಿಂದೆ ಸಣ್ಣ ಚಕ್ರ ಇದೆ, ವಾರಕ್ಕೆ ಕೂದಲೆಳೆಯಷ್ಟು ತಿರುಗಿಸು, ಜಾಸ್ತಿ ತಿರುಗಿಸಿದ್ರೆ ಅಮ್ಮನಿಗೆ ಗೊತ್ತಾಗುತ್ತೆ ಅಂದ್ರು. ಅವರೂ ಸ್ಕೂಲಲ್ಲಿ ಇರುವಾಗ ಎರಡು ವರ್ಷ ಹಾಗೇ ಮಾಡಿದ್ರಂತೆ. ಬಟ್ಟೆ ಸಡಿಲ ಕಾಣೋ ಹಾಗೆ ಹೊಲಿಗೆನೂ ಬಿಚ್ಚಿಕೊಳ್ತಿದ್ರಂತೆ."

ನಾನು ಬೈಯಲಿಲ್ಲ. ಸೊಸೆ ಅದಕ್ಕೇ ಇನ್ನೂ ಹೆದರಿದಳು.

ಮಗಳೇ, ಆ ಹನ್ನೊಂದು ಕಿಲೋವನ್ನು ನಾನು ಎಷ್ಟು ಜನರ ಮುಂದೆ ಹೇಳಿದ್ದೇನೆ ಗೊತ್ತೇ? ನಿನ್ನ ಮದುವೆಯಲ್ಲಿ ನಿನ್ನ ಅತ್ತೆಯ ಮುಂದೆ ಹೇಳಿದೆ. ನೀನು ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದೆ. ನಾಚಿಕೆ ಎಂದುಕೊಂಡಿದ್ದೆ. ಗಿರಾಕಿಗಳ ಮುಂದೆ ನಿನ್ನನ್ನು "ಮೂಟೆ" ಎಂದು ಕರೆಯುತ್ತಿದ್ದೆ. "ಮೂಟೇ, ಆ ಮೂಟೆ ತಗೊಂಡು ಬಾ" ಎಂದಾಗ ಅವರು ನಗುತ್ತಿದ್ದರು, ನೀನೂ ನಗುತ್ತಿದ್ದೆ. ನಿನ್ನ ತಟ್ಟೆಯಿಂದ ಅನ್ನ ತೆಗೆದು ತಮ್ಮನ ತಟ್ಟೆಗೆ ಹಾಕಿದ್ದೇನೆ. ಒದ್ದೆ ಹಾಸುಬಟ್ಟೆ ಹೊತ್ತು ಮಹಡಿ ಹತ್ತುವಾಗ ನೀನು "ಅಮ್ಮಾ, ಸೊಂಟ ನೋಯುತ್ತೆ" ಅನ್ನುತ್ತಿದ್ದೆ. "ಹದಿನಾರು ವರ್ಷಕ್ಕೆ ಎಂಥಾ ಸೊಂಟ ನೋವು? ಕೊಬ್ಬು ಕರಗಲಿ, ಸರಿಹೋಗುತ್ತೆ, ಇನ್ನೆರಡು ಸಲ ಹತ್ತಿ ಇಳಿ" ಎಂದಿದ್ದೆ. ಈಗ ನಾನು ಆ ಮಹಡಿಯ ಮೊದಲ ಮೆಟ್ಟಿಲ ಮುಂದೆ ನಿಂತು ಮೇಲೆ ನೋಡುತ್ತೇನೆ. ಹದಿನೆಂಟು ಮೆಟ್ಟಿಲು. ಒಂದೂ ಆಗುವುದಿಲ್ಲ.

ಇದಕ್ಕೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ಬಟ್ಟೆಯ ಮೇಲೆ ಸುಟ್ಟ ಗುರುತು ಬಿದ್ದರೆ ಗಿರಾಕಿಗೆ ಹೊಸ ಬಟ್ಟೆ ಕೊಡಿಸುತ್ತೇನೆ. ನಿನಗೆ ಏನು ಕೊಡಿಸಲಿ? ಕ್ಷಮೆ ಕೇಳಬೇಕೆಂದು ಹಿಂದಿನ ಮೂರು ಕಾಗದಗಳಲ್ಲಿ ಬರೆದೆ. ಓದಿದರೆ ಅಪ್ಪಣೆ ಕೊಟ್ಟ ಹಾಗೆ ಕೇಳಿಸಿತು. ಹರಿದೆ.

ಈಗಿನ ಸುದ್ದಿ ಇಷ್ಟು. ಈಗ ಅಂಗಡಿಯ ಮಿಷನ್ನಿನಲ್ಲೇ ತೂಗಿಕೊಳ್ಳುತ್ತೇನೆ. ಎಂಬತ್ತೆರಡೂವರೆ. ನಾಲ್ಕು ತಿಂಗಳಿಗೆ ಒಂದೂವರೆ ಕಿಲೋ. ಕಡ್ಡಿ ಹುಡುಗಿಗೆ ಎಲ್ಲ ಹೇಳಿದೆ. "ಅಜ್ಜಿ, ಊಟ ಬಿಟ್ಟು ಇಳಿಸಿದ ತೂಕ ಸೊಂಟಕ್ಕೆ ಯಾವ ಉಪಕಾರನೂ ಮಾಡಲ್ಲ. ದಿನಾ ಹೊಟ್ಟೆ ತುಂಬ ಹಿತವಾಗಿ ತಿನ್ನಿ, ದಿನಾ ಸ್ವಲ್ಪ ನಡೀರಿ, ನಿಧಾನವಾಗಿ ಆಗುತ್ತೆ" ಅಂದಳು. ಅಜ್ಜಿ ಅಂದಿದ್ದಕ್ಕೆ ಸುಮ್ಮನಿದ್ದೆ. ಮೂವತ್ತು ಸಲದ ಬದಲು ಈಗ ಹತ್ತು ಸಲ ನಡೆಯುತ್ತೇನೆ. ಡಾಕ್ಟರಿಗೆ ಹತ್ತು ಕಿಲೋ ತೋರಿಸಲು ಆಗುವುದಿಲ್ಲ. ಮೇಜನ್ನು ನಿನ್ನ ತಮ್ಮನಿಗೆ ಬಿಟ್ಟುಕೊಟ್ಟೆ. ಅವನು ಕಾಲರನ್ನು ಸರಿಯಾಗಿ ಒತ್ತುವುದಿಲ್ಲ. ಹೇಳಲಿಲ್ಲ. ಹೇಳಿದೆ, ಒಂದೇ ಸಲ.

ಸೊಸೆಯ ಮೇಲೆ ಸಿಟ್ಟಿಲ್ಲ, ಅವಳಿಗೆ ನೀನೂ ಧೈರ್ಯ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ಎಷ್ಟು ಬೇಕೋ ಅಷ್ಟು. ಭಾರ ಎತ್ತಬೇಡ, ನಿನ್ನ ಗಂಡನಿಗೆ ಹೇಳು, ಅವನಿಗೆ ಕೈಗಳಿವೆ. ನಿನಗೆ ಒಳ್ಳೆಯದಾಗಲಿ. ನಾನು ಕೊಡಬಹುದಾದದ್ದು ಇಷ್ಟೇ ಉಳಿದಿದೆ, ಇದನ್ನಾದರೂ ಪೂರ್ತಿ ತೂಕಕ್ಕೆ ಕೊಡುತ್ತಿದ್ದೇನೆ.

ಇಂತಿ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ದಿನ ಸೊಸೆ ಅಳುತ್ತಾ ಇನ್ನೊಂದು ಮಾತೂ ಹೇಳಿದಳು. ಹೋದ ವರ್ಷ ನೀನು ಎರಡು ತಿಂಗಳು ಆಫೀಸಿನ ತರಬೇತಿ ಎಂದು ಬರಲಿಲ್ಲವಲ್ಲ, ಆಗ ನಿನ್ನ ಬೆನ್ನುಮೂಳೆಗೆ ಆಪರೇಷನ್ ಆಗಿತ್ತಂತೆ. ಹದಿನಾರು ವರ್ಷಕ್ಕೆ ಶುರುವಾದ ಅದೇ ನೋವು. ನಿನ್ನ ತಮ್ಮನಿಗೆ ಗೊತ್ತಿತ್ತು, ಸೊಸೆಗೆ ಗೊತ್ತಿತ್ತು. ಹಳೆಯ ಸ್ನೇಹಿತನ ಮಗನ ಮದುವೆ ಎಂದು ಹೇಳಿ ಹೋದ ನಿಮ್ಮಪ್ಪ ಐದು ದಿನ ನಿನ್ನ ಮಂಚದ ಪಕ್ಕ ಕೂತಿದ್ದರಂತೆ. ಮದುವೆಗೆಂದು ಅವರ ನಾಲ್ಕು ಅಂಗಿಗಳಿಗೆ ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ. ಆಪರೇಷನ್ನಿನ ಮಂಪರು ಇಳಿದು ಕಣ್ಣು ಬಿಟ್ಟಾಗ ನೀನು ಮೊದಲು ಆಡಿದ ಮಾತು "ಅಮ್ಮನಿಗೆ ಹೇಳಬೇಡಿ" ಅಂತೆ.

ಎಲ್ಲಿ ಕೊಯ್ದಿದ್ದಾರೆ, ಗಾಯ ಎಷ್ಟುದ್ದ ಇದೆ, ಈಗ ಯಾವ ಮಗ್ಗುಲಿಗೆ ಮಲಗಿದರೆ ನಿನಗೆ ಹಿತ, ನನಗೆ ಒಂದೂ ಗೊತ್ತಿಲ್ಲ. ನಿಮ್ಮಪ್ಪನನ್ನು ಕೇಳಿದೆ. ಪೇಪರ್ ಕೆಳಗಿಟ್ಟು, "ಅವಳನ್ನೇ ಕೇಳು" ಎಂದರು. ಅದಕ್ಕೇ ಈ ಕಾಗದ.