ಠಾಣೆಗೆ ಕಳಿಸಿದವರು ನಮ್ಮ ಮನೆಗೂ ಬನ್ನಿ

ಆನ್‌ಲೈನ್ ಪದವಿ ವಿಭಾಗದ ಮಾನ್ಯ ನಿರ್ದೇಶಕರೇ,

ನೀವು ಕೊಟ್ಟ ಮೂರನೇ ಅಸೈನ್‌ಮೆಂಟನ್ನು ನಿಯತ್ತಾಗಿ ಮಾಡಿದ ತಪ್ಪಿಗೆ ನಮ್ಮ ಮಾವ ನಾನು ಬಡಿಸಿದ ಊಟ ಮುಟ್ಟುವುದನ್ನು ಬಿಟ್ಟಿದ್ದಾರೆ. ಇದೇ ನನ್ನ ದೂರು. ಇದನ್ನು ನಿಮ್ಮ ಪೋರ್ಟಲ್ಲಿನ ಕುಂದುಕೊರತೆ ವಿಭಾಗದಲ್ಲಿ ಎರಡು ಸಲ ಬರೆದೆ. ಎರಡು ಸಲವೂ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದೂ ಕೇಳಿದ್ದಿರಿ. ಪರಿಹಾರವಾದದ್ದು ಯಾರ ಮನೆಯಲ್ಲೋ ಗೊತ್ತಿಲ್ಲ, ನಮ್ಮ ಮನೆಯಲ್ಲಂತೂ ಆಗಿಲ್ಲ. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ಕುಂದಾಣ ಹೋಬಳಿಯ ಒಂದು ಹಳ್ಳಿಯವಳು. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಪಿಯುಸಿ ಮುಗಿಯುತ್ತಲೇ ಮದುವೆಯಾಯಿತು. ಮಗಳು ಹೈಸ್ಕೂಲಿಗೆ ಬಂದ ಮೇಲೆ, ಇನ್ನು ನನ್ನ ಸರದಿ ಎಂದುಕೊಂಡು ನಿಮ್ಮಲ್ಲಿ ಬಿ.ಎ.ಗೆ ಸೇರಿದೆ. ಸಮಾಜಶಾಸ್ತ್ರ ತಗೊಂಡಿದ್ದೇನೆ ಎಂದಾಗ ನಮ್ಮತ್ತೆ ನರಸಮ್ಮ, ಸಮಾಜದೊಳಗೇ ಇದ್ದೀಯಲ್ಲ, ಅದರಲ್ಲಿ ಓದುವುದೇನಿದೆ ಎಂದರು. ಗಂಡ ಶ್ರೀಧರ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನನ್ನ ಪರವಾಗಿ ಬಾಯಿಬಿಟ್ಟವರು ಮಾವ ಮುನಿಶಾಮಪ್ಪ ಒಬ್ಬರೇ. “ಓದ್ಲಿ ಬಿಡ್ರಿ, ಯಾರಪ್ಪನ ಗಂಟು ಹೋಗ್ತದೆ” ಎಂದರು. ಅಲ್ಲಿಗೆ ಮನೆಯಲ್ಲಿ ಆ ಮಾತು ಮುಗಿಯಿತು.

ಅಷ್ಟಕ್ಕೇ ನಿಲ್ಲಲಿಲ್ಲ. ನಾನು ಜಗಲಿಯ ಮೇಲೆ ಫೋನನ್ನು ನೀರಿನ ಚೊಂಬಿಗೆ ಒರಗಿಸಿ ನಿಮ್ಮ ವಿಡಿಯೋ ಪಾಠ ಹಾಕಿದರೆ, ಮಾವ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ವಿಚಲನೆ, ಅಪರಾಧ ಮತ್ತು ಸಾಮಾಜಿಕ ನಿಯಂತ್ರಣ ಎಂಬ ಪತ್ರಿಕೆಯ ಪಾಠಗಳನ್ನು ನಾನು ಎಷ್ಟು ಕೇಳಿದ್ದೇನೋ ಅವರೂ ಅಷ್ಟೇ ಕೇಳಿದ್ದಾರೆ. ಸಮಾಜವು ಪೊಲೀಸರಿಲ್ಲದೆಯೂ ಮಾತು ಬಿಡುವುದರಿಂದ, ಮುಖ ತಿರುಗಿಸುವುದರಿಂದ, ಗುಸುಗುಸು ಮಾಡುವುದರಿಂದ ಜನರನ್ನು ಹದ್ದುಬಸ್ತಿನಲ್ಲಿಡುತ್ತದೆ, ಇದನ್ನು ಅನೌಪಚಾರಿಕ ನಿಯಂತ್ರಣ ಎನ್ನುತ್ತಾರೆ ಎಂದು ನಿಮ್ಮ ಅಧ್ಯಾಪಕರು ವಿವರಿಸಿದ ದಿನ ಮಾವ ತುಂಬಾ ನಕ್ಕರು. ಇದನ್ನು ಹೇಳಿಕೊಡುವುದಕ್ಕೂ ಫೀಸು ಕಟ್ಟಿಸಿಕೊಂಡಿದ್ದಾರೇನವ್ವ ಎಂದು ಕೇಳಿದರು. ಆ ನಗುವನ್ನು ಕೇಳಿ ಈಗ ಬಹಳ ದಿನವಾಯಿತು.

ಮೂರನೇ ಅಸೈನ್‌ಮೆಂಟ್ ಏನಿತ್ತೆಂದು ನಿಮಗೆ ನೆನಪಿರಲಿಕ್ಕಿಲ್ಲ. ವಿದ್ಯಾರ್ಥಿಯು ತನ್ನ ವ್ಯಾಪ್ತಿಯ ಪೊಲೀಸ್ ಠಾಣೆಗೆ ಭೇಟಿ ನೀಡಿ, ಸಿಬ್ಬಂದಿಯೊಂದಿಗೆ ಸಂವಾದ ನಡೆಸಿ, ಪ್ರದೇಶದಲ್ಲಿ ಸಾಮಾನ್ಯವಾಗಿ ಕಂಡುಬರುವ ಅಪರಾಧಗಳ ಬಗ್ಗೆ ವರದಿ ಸಲ್ಲಿಸತಕ್ಕದ್ದು. ಠಾಣೆಯ ನಾಮಫಲಕ ಮತ್ತು ವಿದ್ಯಾರ್ಥಿಯ ಮುಖ ಸ್ಪಷ್ಟವಾಗಿ ಕಾಣುವ ಭಾವಚಿತ್ರ ಕಡ್ಡಾಯ, ಸಾಧ್ಯವಾದಲ್ಲಿ ಸಿಬ್ಬಂದಿಯೊಂದಿಗೆ. ಇದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರು ಎಂದೂ ಹಳ್ಳಿಯಲ್ಲಿ ಸೊಸೆಯಾಗಿ ಬಾಳಿದವರಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ನಮ್ಮ ಕಡೆ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತುವುದೆಂದರೆ ಒಂದೋ ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ, ಇಲ್ಲವೇ ಅವಳೇ ಏನೋ ಮಾಡಬಾರದ್ದು ಮಾಡಿದ್ದಾಳೆ. ಸಂವಾದ ನಡೆಸಲು ಹೋಗಿದ್ದಳು ಎಂಬ ಮೂರನೇ ಕಾರಣ ಇದುವರೆಗೆ ಚಾಲ್ತಿಗೆ ಬಂದಿಲ್ಲ. ಯಾರಿಗೂ ಒಂದು ಪರಿಚಯ ಪತ್ರ ಕೊಡಲಿಲ್ಲ, ಠಾಣೆಗೆ ಒಂದು ಮಾತು ತಿಳಿಸಲಿಲ್ಲ, ಪೋರ್ಟಲ್ಲಿನಲ್ಲಿ ನಾಲ್ಕು ಸಾಲು ಹಾಕಿ ನಮ್ಮನ್ನು ಕಳಿಸಿಬಿಟ್ಟಿರಿ.

ನಾನು ಹೋದೆ. ಸೆಕೆಂಡ್ ಶಿಫ್ಟಿನ ಕೆಲಸವಿತ್ತು, ಹಾಗಾಗಿ ಬೆಳಗ್ಗೆಯೇ ಹೋಗಿ ಬೆಂಚಿನ ಮೇಲೆ ಕೂತೆ. ರಂಜಿತ ಎಂಬ ಮಹಿಳಾ ಪೊಲೀಸ್ ಒಳ್ಳೆಯ ಹುಡುಗಿ, ಬಿಡುವಾದಾಗ ಬಂದು ಮಾತಾಡಿಸಿದಳು, ಟೀ ತರಿಸಿದಳು. ಬೈಕ್ ಕಳವು, ಬೋರ್‌ವೆಲ್ ಕೇಬಲ್ ಕಳವು, ಜಮೀನಿನ ಗಲಾಟೆ, ಅಲ್ಲಲ್ಲಿ ಇಸ್ಪೀಟು ಎಂದು ಹೇಳಿದಳು, ನಾನು ಬರೆದುಕೊಂಡೆ. ನಿಮ್ಮದು ಯಾವೂರು ಅಕ್ಕ ಎಂದು ಕೇಳಿದಳು, ಊರಿನ ಹೆಸರು ಹೇಳಿದೆ. ನಮ್ಮೂರಿನ ಬಗ್ಗೆ ನಾನು ಆಡಿದ ಮಾತು ಅದೊಂದೇ. ಹೊರಡುವಾಗ ಕಡ್ಡಾಯವಾದ ಭಾವಚಿತ್ರಕ್ಕಾಗಿ ಫಲಕದ ಕೆಳಗೆ ನಿಂತೆವು. ರಂಜಿತ ನನ್ನ ಹೆಗಲ ಮೇಲೆ ಕೈ ಹಾಕಿದಳು, ಜೀಪಿನ ಡ್ರೈವರ್ ಫೋಟೋ ತೆಗೆದರು, ನಾನು ಹಲ್ಲು ಬಿಟ್ಟೆ. ಫೋಟೋಗೆ ನಿಂತಾಗ ನಗಬೇಕೆಂಬುದೂ ಒಂದು ಸಾಮಾಜಿಕ ನಿಯಮವೇ ತಾನೆ?

ಸರಿಯಾಗಿ ಆಗ ನಮ್ಮ ಕಂಪನಿ ಬಸ್ಸು ಬಂದು ನಿಂತಿತು. ನಾನೇ ಡ್ರೈವರಿಗೆ ಹೇಳಿದ್ದೆ, ಇವತ್ತು ಠಾಣೆಯ ಹತ್ತಿರ ಹತ್ತಿಕೊಳ್ಳುತ್ತೇನೆಂದು. ಇಡೀ ಶಿಫ್ಟು ಕಿಟಕಿಯಿಂದ ಇಣುಕಿ ನೋಡಿತು. ಬಸ್ಸಿನಲ್ಲಿ ದಿನವೂ ನನ್ನ ಪಕ್ಕ ಕೂರುವ ನಮ್ಮೂರಿನ ಮುನಿರತ್ನಮ್ಮ ಏನೂ ಕೇಳಲಿಲ್ಲ. ಊರ ಸುದ್ದಿಯೆಲ್ಲ ಬಾಯಲ್ಲಿಟ್ಟುಕೊಂಡಿರುವ ಹೆಂಗಸು ಏನೂ ಕೇಳದೆ ಕೂತಳೆಂದರೆ ಗಾಬರಿಯಾಗಬೇಕಿತ್ತು. ನನಗೆ ವರದಿ ಹೇಗೆ ಬರೆಯಲಿ ಎಂಬುದೇ ತಲೆಯಲ್ಲಿತ್ತು.

ಮುಂದಿನ ವಾರ ಯುಗಾದಿ, ಅದರ ಮರುದಿನ ಹೊಸತೊಡಕು. ನಿಮ್ಮ ಪಠ್ಯದಲ್ಲಿ ಹೊಸತೊಡಕು ಇಲ್ಲ, ಆದ್ದರಿಂದ ಹೇಳುತ್ತೇನೆ. ಅವತ್ತು ಮನೆಮನೆಯಲ್ಲೂ ಬಾಡೂಟ, ಗಂಡಸರಿಗೆ ಇಸ್ಪೀಟು. ವರ್ಷವೆಲ್ಲ ಎಲೆ ಮುಟ್ಟದವರೂ ಅವತ್ತು ಒಂದು ಕೈ ಆಡುತ್ತಾರೆ, ಹೆಂಡತಿಯರೂ ಬೈಯುವುದಿಲ್ಲ. ಅವತ್ತು ಆಡದೆ ಮನೆಯಲ್ಲಿ ಕೂತವನೇ ನಮ್ಮೂರಿನ ಲೆಕ್ಕದಲ್ಲಿ ವಿಚಲಿತ ವ್ಯಕ್ತಿ. ಕಾನೂನಿನ ಲೆಕ್ಕ ಬೇರೆ, ನನಗೆ ಗೊತ್ತಿದೆ, ನಿಮ್ಮ ಎರಡನೇ ಘಟಕದಲ್ಲಿ ಓದಿದ್ದೇನೆ. ಅದುವರೆಗೆ ಹೊಸತೊಡಕಿನ ದಿನ ನಮ್ಮೂರ ನೀಲಗಿರಿ ತೋಪಿಗೆ ಜೀಪು ಬಂದಿದ್ದಿಲ್ಲ. ಅವತ್ತು ಬಂತು. ಹುಡುಗರೆಲ್ಲ ಎದ್ದು ಓಡಿದರು. ಮಂಡಿನೋವಿನ ಮುದುಕರು ಸಿಕ್ಕಿಬಿದ್ದರು. ಅವರಲ್ಲಿ ನಮ್ಮ ಮಾವನೂ ಒಬ್ಬರು.

ನಾನು ಕೂತಿದ್ದ ಅದೇ ಬೆಂಚಿನ ಮೇಲೆ ಅವರನ್ನು ಕೂರಿಸಿದ್ದರಂತೆ. ಆಮೇಲೆ ಎದುರಿಗೆ ಇಸ್ಪೀಟೆಲೆ ಹರಡಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು. ಒಂದೇ ಠಾಣೆಯಲ್ಲಿ ನಮ್ಮ ಮನೆಯ ಇಬ್ಬರ ಫೋಟೋ ಆಯಿತು. ನನ್ನದು ನಿಮ್ಮ ಪೋರ್ಟಲ್ಲಿಗೆ ಹೋಯಿತು, ಅವರದು ಊರಿನ ವಾಟ್ಸಾಪ್ ಗುಂಪಿಗೆ ಹೋಯಿತು. ನಾನು ನಗುತ್ತಿದ್ದೇನೆ, ಅವರು ನೆಲ ನೋಡುತ್ತಿದ್ದಾರೆ.

ಸಂಜೆ ಬಿಟ್ಟು ಕಳಿಸಿದರು. ಮನೆಯಲ್ಲಿ ಯಾರೂ ಉಂಡಿರಲಿಲ್ಲ. ತಟ್ಟೆ ಇಟ್ಟು, ಮುದ್ದೆ ಇಟ್ಟು, ಸಾರಿನ ಸೌಟು ಹಿಡಿದು ಬಗ್ಗಿದೆ. ಮಾವ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟರು. “ಇವ್ಳೇ, ನೀನ್ ಬಂದು ಬಡ್ಸು” ಎಂದು ಅತ್ತೆಯನ್ನು ಕರೆದರು. ನನ್ನ ಮುಖ ನೋಡದೆಯೇ, “ಓದಿದ್ದು ಸಾರ್ಥಕ ಆಯ್ತು ಬಿಡವ್ವ” ಎಂದರು. ಅವರು ಬೈದಿದ್ದರೆ ನಾನೂ ಎದುರು ಮಾತಾಡಿ ಅತ್ತು ಮುಗಿಸುತ್ತಿದ್ದೆ. ಸೌಟನ್ನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದೆ.

ಬಸ್ಸಿನಿಂದ ಕಂಡದ್ದು ಊರಿಗೆಲ್ಲ ಹಬ್ಬಿತ್ತು, ತೋಪಿನ ಸುದ್ದಿ ಕೊಟ್ಟವಳು ನಾನೇ ಎಂದಾಯಿತು. ಅಂದಿನಿಂದ ನಾನು ಪೊಲೀಸರ ಕಡೆಯವಳು. ಇದರ ವಿವರ ನಿಮಗೆ ಶೈಕ್ಷಣಿಕವಾಗಿ ಉಪಯುಕ್ತವಾಗಬಹುದು. ನಲ್ಲಿಯ ಹತ್ತಿರ ಹೋದರೆ ಮಾತು ನಿಲ್ಲುತ್ತದೆ. ಬಸ್ಸಿನಲ್ಲಿ ಮುನಿರತ್ನಮ್ಮ ಹಿಂದಿನ ಸೀಟಿಗೆ ಹೋಗಿದ್ದಾಳೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದಂತೆ. ಇನ್ನು ಕೆಲವರು ಮುಂಚೆಗಿಂತ ಹೆಚ್ಚು ಮರ್ಯಾದೆ ಕೊಡುತ್ತಾರೆ. ಪೊಲೀಸರಿಗೆ ಬೈಕು ಹಿಡಿಸಿಕೊಂಡ ಕೆಂಪರಾಜ್ ಎಂಬ ಹುಡುಗ ಮನೆಗೆ ಬಂದು, ಅಕ್ಕಾ ನಿಮ್ಮ ಮೇಡಂಗೆ ಒಂದು ಮಾತು ಹೇಳಿ ಬಿಡಿಸಿಕೊಡಿ ಎಂದು ಕೈ ಮುಗಿದ. ನನಗೆ ಅಂಥ ಮೇಡಂ ಯಾರೂ ಇಲ್ಲ ಎಂದರೆ, ಗುಟ್ಟು ಕಾಪಾಡುತ್ತಿದ್ದೇನೆಂದು ಮೆಚ್ಚಿಕೊಂಡು ಹೋದ. ಒಮ್ಮೆ ಹಣೆಪಟ್ಟಿ ಅಂಟಿದರೆ ಅದನ್ನು ಅಲ್ಲಗಳೆಯುವ ಪ್ರತಿ ಮಾತೂ ಅದನ್ನೇ ಗಟ್ಟಿ ಮಾಡುತ್ತದೆ ಎಂದು ನಿಮ್ಮ ಐದನೇ ಪಾಠದಲ್ಲಿದೆ. ಪಾಠ ಸರಿಯಾಗಿದೆ, ನಾನು ದೃಢೀಕರಿಸುತ್ತೇನೆ. ತೋಪಿನ ಸುದ್ದಿಯನ್ನು ಯಾರು ಫೋನು ಮಾಡಿ ಹೇಳಿದರೆಂದು ಠಾಣೆಗೇ ಹೋಗಿ ಕೇಳಬಹುದಿತ್ತು. ಆದರೆ ಇನ್ನೊಂದು ಸಲ ಆ ಮೆಟ್ಟಿಲು ಹತ್ತಿದರೆ ನನ್ನ ಕಥೆ ಏನಾಗುತ್ತದೆಂದು ನೀವೇ ಯೋಚಿಸಿ.

ಇದರ ನಡುವೆ ವರದಿಯ ಅಂಕ ಬಂತು. ಇಪ್ಪತ್ತಕ್ಕೆ ಏಳು. ಕೆಳಗೆ ಮೌಲ್ಯಮಾಪಕರ ಟಿಪ್ಪಣಿ: ‘ಅನೌಪಚಾರಿಕ ನಿಯಂತ್ರಣದ ಕುರಿತು ವಿದ್ಯಾರ್ಥಿಗೆ ಪ್ರತ್ಯಕ್ಷ ಅನುಭವ ಇದ್ದಂತೆ ಕಾಣುವುದಿಲ್ಲ.’ ಓದಿ ನನಗೆ ನಗು ಬಂತು. ನಗುವಾಗ ಯಾರೂ ಜೊತೆಗಿರಲಿಲ್ಲ. ಮುಂಚೆಯಾಗಿದ್ದರೆ ಇದನ್ನು ಮೊದಲು ಮಾವನಿಗೇ ಓದಿ ಹೇಳುತ್ತಿದ್ದೆ. ಈಗ ನಿಮ್ಮ ಅಧ್ಯಾಪಕರ ದನಿ ಕೇಳಿಸಿದರೆ ಸಾಕು, ಅವರು ಟವೆಲು ಕೊಡವಿಕೊಂಡು ದನದ ಕೊಟ್ಟಿಗೆಯ ಕಡೆ ಎದ್ದು ಹೋಗುತ್ತಾರೆ. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳುತ್ತೇನೆ.

ಶ್ರೀಧರ್ ಅವರಪ್ಪನಿಗೆ ಹೇಳದೆ ಇರಲಿಲ್ಲ. ಅದು ಕಾಲೇಜಿನವರು ಕೊಟ್ಟ ಕೆಲಸ, ಅವಳು ಯಾರ ಹೆಸರೂ ಹೇಳಿಲ್ಲ ಎಂದು ಬಿಡಿಸಿ ಹೇಳಿದರು. ಮಾವ ಕೇಳಿದ್ದು ಒಂದೇ ಪ್ರಶ್ನೆ. “ಮನೆ ಹೆಣ್ಮಗಳನ್ನ ಠಾಣೆಗೆ ಹೋಗು ಅಂತ ಯಾವ ಮೇಷ್ಟ್ರು ಕಳಿಸ್ತಾನ್ಲಾ? ಅಂಥೋನೊಬ್ಬ ಇದ್ರೆ ಕರ್ಕೊಂಬಾ, ನಾನೇ ಕೇಳ್ತೀನಿ.” ನಾನು ಫೋನಿನಲ್ಲಿ ನಿಮ್ಮ ಅಸೈನ್‌ಮೆಂಟ್ ತೆಗೆದು ಓದಿ ತೋರಿಸಿದೆ. ಫೋನಲ್ಲಿ ಏನು ಬೇಕಾದರೂ ತೋರಿಸುತ್ತಾರೆ ಎಂದು ಎದ್ದುಹೋದರು. ಅವರದು ತಪ್ಪೆಂದು ಹೇಗೆ ಹೇಳಲಿ? ನಿಮ್ಮ ಕಾಲೇಜಿಗೆ ಕಟ್ಟಡವಿಲ್ಲ, ಗಂಟೆಯಿಲ್ಲ, ಗೇಟಿನಲ್ಲಿ ನಿಂತು ಕೇಳಲು ಒಬ್ಬ ಜವಾನನಿಲ್ಲ. ನನಗೂ ನೀವು ಇದ್ದೀರೆಂದು ಗೊತ್ತಾಗುವುದು ಫೀಸಿನ ಕೊನೆಯ ದಿನಾಂಕ ಬಂದಾಗ ಮಾತ್ರ.

ನಿಮ್ಮ ಸಹಾಯವಾಣಿಗೆ ಫೋನು ಮಾಡಿ, ಈಕೆಯನ್ನು ನಾವೇ ಕಳಿಸಿದ್ದು ಎಂದು ಒಂದು ಪತ್ರ ಕೊಡಿ ಎಂದೆ. ಬಸ್ ಪಾಸಿಗೆ ಬೇಕಾದರೆ ದೃಢೀಕರಣ ಪತ್ರ ಸಿಗುತ್ತದೆ, ಮಾವನಿಗೆ ಕೊಡುವ ಆಪ್ಷನ್ ಇಲ್ಲ ಮೇಡಂ ಎಂದ ಆ ಹುಡುಗ. ಪಾಪ, ಅವನು ಗಂಭೀರವಾಗಿಯೇ ಹುಡುಕಿ ನೋಡಿ ಹೇಳಿದ. ಸಮಾಜಶಾಸ್ತ್ರ ಕಲಿಸುವ ಸಂಸ್ಥೆಗೆ ತನ್ನ ವಿದ್ಯಾರ್ಥಿಗಳು ಮನೆಗಳಲ್ಲಿ ವಾಸಿಸುತ್ತಾರೆ, ಆ ಮನೆಗಳಲ್ಲಿ ಮಾವಂದಿರು ಇರುತ್ತಾರೆ ಎಂಬುದು ಹೊಳೆಯಲೇ ಇಲ್ಲವೇ? ನಮ್ಮನ್ನು ಸಮಾಜದೊಳಕ್ಕೆ ಇಳಿಸಿದ್ದು ನೀವು. ಅಲ್ಲಿ ಸಿಕ್ಕಿಕೊಂಡರೆ ಎಳೆದುಕೊಳ್ಳಲು ಯಾರೂ ಇಲ್ಲ. ನನಗೆ ಕೋಪ ಮಾಡಿಕೊಳ್ಳುವಷ್ಟು ತ್ರಾಣವೂ ಉಳಿದಿಲ್ಲ, ಶಿಫ್ಟು ಮುಗಿಸಿ ಬಂದು ಒಂದೇ ಮಾತನ್ನು ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಅಂಕ ಹೆಚ್ಚಿಸಬೇಡಿ, ಏಳೇ ಇರಲಿ. ಪತ್ರವೂ ಬೇಡ. ನೀವು, ಅಥವಾ ನಿಮ್ಮ ಪರವಾಗಿ ಪಾಠ ಹೇಳುವ ಒಬ್ಬರು, ಹಗಲು ಹೊತ್ತಿನಲ್ಲಿ, ಊರಿನವರೆಲ್ಲ ನೋಡುವಂತೆ ನಮ್ಮ ಹಳ್ಳಿಗೆ ಬನ್ನಿ. ಕುಂದಾಣದಲ್ಲಿ ಇಳಿದು ಫೋನು ಮಾಡಿದರೆ ಶ್ರೀಧರ್ ಬಂದು ಕರೆತರುತ್ತಾರೆ. ನಮ್ಮ ಜಗಲಿಯ ಮೇಲೆ ಕೂತು, ಈ ಹೆಣ್ಣುಮಗಳನ್ನು ಠಾಣೆಗೆ ಕಳಿಸಿದ ಮೇಷ್ಟರು ನಾನೇ ಎಂದು ಮಾವನಿಗೆ ಹೇಳಿ. ಅವರು ನಾಲ್ಕು ಮಾತು ಬೈಯುತ್ತಾರೆ, ಕೇಳಿಸಿಕೊಳ್ಳಿ. ನಾನು ಅವರ ಬಾಯಿಂದ ಬಾರದ ಬೈಗುಳವನ್ನೂ ಕೇಳಿಸಿಕೊಂಡಿದ್ದೇನೆ, ನಿಮಗೆ ಸಲ್ಲಬೇಕಾದ ನಾಲ್ಕನ್ನು ನೀವು ಕೇಳಿಸಿಕೊಂಡರೆ ತಪ್ಪೇನಿಲ್ಲ.

ಆಮೇಲೆ ದಯವಿಟ್ಟು ಹೊರಟುಬಿಡಬೇಡಿ, ಊಟಕ್ಕೆ ನಿಲ್ಲಿ. ಮೇಷ್ಟರು ಮನೆಗೆ ಬಂದಾಗ ಮಾವ ಅವರ ಪಕ್ಕ ಕೂತು ಉಣ್ಣದೆ ಇರುವವರಲ್ಲ. ಬಂದವರ ಎದುರು, ಸೊಸೆ ಬಡಿಸಲು ಬಗ್ಗಿದಾಗ ಕೈ ಅಡ್ಡ ಹಿಡಿಯುವುದು ನಮ್ಮ ಮನೆಗಳಲ್ಲಿ ಆಗದ ಮಾತು. ಇದಕ್ಕೆ ಏನು ಹೆಸರೆಂದು ನಿಮಗೆ ಗೊತ್ತಿದೆ, ನೀವೇ ಕಲಿಸಿದ್ದು. ನಾನು ಬಡಿಸುತ್ತೇನೆ. ಮೊದಲು ನಿಮಗೆ, ಆಮೇಲೆ ಅವರಿಗೆ. ಎರಡನೇ ಮುದ್ದೆ ತಂದಾಗ ಸಾಕು ಎನ್ನಬೇಡಿ ಸಾರ್. ನೀವು ಕೈ ತೊಳೆದರೆ ಅವರೂ ಎದ್ದುಬಿಡುತ್ತಾರೆ.

ಇಂತಿ,
ನಿಮ್ಮ ಲೆಕ್ಕದಲ್ಲಿ ಪ್ರತ್ಯಕ್ಷ ಅನುಭವವಿಲ್ಲದ ವಿದ್ಯಾರ್ಥಿನಿ,
ಊರಿನ ಲೆಕ್ಕದಲ್ಲಿ ಪೊಲೀಸರ ಕಡೆಯವಳು,
ಮುನಿಶಾಮಪ್ಪನವರ ಸೊಸೆ ಮಮತ