ಈಜಿ, ತುಳಿದು, ಓಡುವ ಹರಕೆ

ಅತ್ತೆ,

ನಿಮಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಸ್ಪರ್ಧೆಗೆ ಹೊರಟಿದ್ದೇನೆ. ಕೆಲಗೇರಿ ಕೆರೆಯಲ್ಲಿ ಈಜಿ, ಹೊಲದ ದಾರಿಯಲ್ಲಿ ಸೈಕಲ್ ತುಳಿದು, ಕೊನೆಗೆ ಗುಡ್ಡ ಹತ್ತಿ ಓಡಿ, ಮಧ್ಯಾಹ್ನ ಬರುತ್ತೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಬದನೆಕಾಯಿ ಪಲ್ಯವನ್ನು ನಿಮ್ಮ ಮಗ ಬಿಸಿ ಮಾಡಲಿ. ಗ್ಯಾಸ್ ಹಚ್ಚುವಾಗ ಮಾತ್ರ ಪಕ್ಕದಲ್ಲಿ ನಿಂತಿರಿ.

ನಾನು ದಿನಾ ಯಾಕೆ ಓಡುತ್ತೇನೆಂದು ಓಣಿಯವರು ಕೇಳಿದ್ದಕ್ಕೆ ನೀವು, "ನಮ್ಮ ಸೊಸಿದು ಹರಕಿ ಐತ್ರಿ" ಎಂದಿರಂತೆ. ನಿನ್ನೆ ಎದುರುಮನೆ ದುರಗವ್ವ ಅಡ್ಡ ನಿಂತು ನನ್ನ ಕಾಲು ಮುಟ್ಟಿದರು! "ಯಾವ ದೇವ್ರಿಗೆ ಬೇಡ್ಕೊಂಡೀಯವಾ? ನಮ್ಮ ಮಗಳು ಜಯಾನ ಲಗ್ನಕ್ಕೂ ಇದ ಹರಕಿ ಹಿಡಸ್ತೇನಿ" ಎಂದರು. ಜಯಾ ಆಗಲೇ ನನ್ನ ಸೈಕಲ್ ಕೇಳಿಹೋಗಿದ್ದಾಳೆ. ಇನ್ನು ದೇವರನ್ನು ನೀವೇ ಹುಡುಕಿಡಿ.

ಸಿಟ್ಟೇ ಬಂದಿತ್ತು. ಆಮೇಲೆ ಹೋದ ವರ್ಷದ ಸ್ಪರ್ಧೆ ನೆನಪಾಯಿತು. ಸೈಕಲ್ ಅರ್ಧ ದಾರಿಯಲ್ಲಿದ್ದಾಗ, ಬೀಗರು ಬಂದರೆಂದು ನನ್ನನ್ನು ಕರೆತರಲು ನಿಮ್ಮ ಮಗನನ್ನು ಸ್ಕೂಟರ್ ಮೇಲೆ ಅಟ್ಟಿದಿರಿ. ಕೆಸರು ಮೈಯಲ್ಲೇ ಬಂದು ಚಹಾ ಕಾಸಿದೆ.

ಈ ಸಲ ಪೂರಾ ಮುಗಿಸಲೇಬೇಕು. ಯಾರೇ ಬಂದರೂ ಚಹಾ ನೀವೇ ಕೊಟ್ಟು, ಓಣಿಯವರಿಗೆ ಹೇಳಿದ್ದನ್ನೇ ಅವರಿಗೂ ಹೇಳಿ. ಹರಕೆ ಅರ್ಧಕ್ಕೆ ಬಿಟ್ಟರೆ ಮನೆಗೆ ಒಳ್ಳೆಯದಲ್ಲವಲ್ಲ.

ಶೈಲಾ