ಬಾಯಿ ಮುಚ್ಚಿ ಕೊಟ್ಟ ಉತ್ತರ

ಮಾರ್ಚ್ ೧೨, ಗುರುವಾರ

ಅಂತೂ ವರ್ಗಾವಣೆಯ ಅರ್ಜಿಗೆ ಮುಕ್ತಿ ಸಿಕ್ಕಿತು. ಹಳೆಯ ಪುಸ್ತಕ ಹೊಲಿಯುವ ಕೋಣೆಯ ಧೂಳಿಗೆ ಸೀನಿ ಸೀನಿ ಸಾಕಾಗಿ, ಗ್ರಂಥಾಲಯದ ಕೌಂಟರಿಗೆ ಹಾಕಿ ಎಂದು ನಾನೇ ಬರೆದುಕೊಟ್ಟಿದ್ದೆ. ಅಲರ್ಜಿಯ ಹನಿ ಶುರುಮಾಡಿದ ಮೇಲೆ ಸೀನು ಎಷ್ಟೋ ಕಡಿಮೆ. ಮದ್ದಿನ ಗುಣವೋ ಹವೆಯದೋ ಎಂಬ ಅನುಮಾನ ಮಾತ್ರ ಹೋಗಿಲ್ಲ.

ಬೆಳಿಗ್ಗೆ ಮನೆಯಲ್ಲಿ ಹಾಕಿಕೊಳ್ಳಲು ಮರೆತ ಹನಿಯನ್ನು ಇವತ್ತು ಕೆಲಸದಲ್ಲೇ ನಾಲಿಗೆಯಡಿ ಬಿಟ್ಟುಕೊಂಡು, ಎರಡು ನಿಮಿಷ ನುಂಗಬಾರದೆಂದು ಬಾಯಿ ಮುಚ್ಚಿ ಕೂತಿದ್ದೆ. ಮುಖ್ಯಸ್ಥರು ಇಣುಕಿದರು.

"ಸೀನೇ ಕೇಳಿಸ್ಲಿಲ್ಲ ಮೇಡಂ, ರಜೆ ಅಂದ್ಕೊಂಡೆ! ಕೌಂಟರ್ ಬೇಡ, ಇಲ್ಲೇ ಇರ್ತೀರಿ ತಾನೆ?"

"ಹ್ಞೂಂ."

"ಸದ್ಯ, ಬದುಕಿದೆ!" ಎಂದು ಅರ್ಜಿ ಹರಿದೇ ಹಾಕಿದರು.

ಬಾಯಿ ಬಿಡುವಂತಿದ್ದರೆ "ನೋಡೋಣ ಸರ್" ಅನ್ನುತ್ತಿದ್ದೆ. ಆ ಕೋಣೆ ಬಿಡಲು ನನಗೆ ಮನಸ್ಸೇ ಇರಲಿಲ್ಲವೇ? ಅಬ್ಬ, ಎಷ್ಟು ಹಗುರ. ನಾಳೆ ದೊಡ್ಡ ನಿಘಂಟಿನ ಬೆನ್ನು ಹೊಲಿಯಬೇಕು. ಅಥವಾ ಮೊದಲು...